ಕಲ್ಲು ನೋಡಗೊಡದ ಗೆಳೆಯರು

ಕಳೆದ ಡಿಸೆಂಬರಿನಲ್ಲಿ ಐವರು ಗೆಳೆಯರೊಡನೆ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬಂದೆನಾದರೂ, ದ್ವೀಪವನ್ನು ನೋಡಿದೆನೆಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಅಂದರೆ ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಉಕ್ಕಿದ ಲಾವಾ ತಣಿದು ಕುಗ್ಗುವಾಗ ಬಿರುಕುಬಿಟ್ಟು ಐದಾರು ಮುಖಗಳ ಕಂಬಗಳಾಗಿ ನಿಂತಿರುವ ಜಾಗವದು. ಅಂಥ ಕಂಬವೊಂದರ ಬುಡದಲ್ಲಿ ಕುಳಿತು, ಎರಡು ಕಲ್ಲುಗಳ ಸಂದಿನಲ್ಲಿ ನಿಂತ ಅಂಗೈಯಷ್ಟು ಉಪ್ಪುನೀರಿನಲ್ಲಿ ಹೆಬ್ಬೆರಳಿನ ಉಗುರಿನಷ್ಟೇ ಇದ್ದ ಏಡಿಮರಿ ಅಡ್ಡಡ್ಡ ಸರಿಯುವುದನ್ನು ನೋಡುತ್ತಿದ್ದೆ. ಆಗಲೇ ಕರೆ ಬಂತು: "ಮಾರಾಯ, ಬಾ, ಒಂದು ಫೋಟೊ ತೆಗಿ!"

ಆ ಒಂದು ಫೋಟೊ ನಲವತ್ತಾಯಿತು. ಒಬ್ಬನ ಕಣ್ಣು ಮುಚ್ಚಿತ್ತು, ಇನ್ನೊಬ್ಬನ ಟೋಪಿ ಹಾರಿತು, ಮೂರನೆಯವನಿಗೆ ತನ್ನ ಹೊಟ್ಟೆ ಕಂಡದ್ದು ಸರಿಬರಲಿಲ್ಲ. ಪ್ರತಿ ಸಲವೂ ಉಪ್ಪುಹನಿ ಕೂತ ಮೊಬೈಲನ್ನು ಅಂಗಿಯ ಚುಂಗಿನಿಂದ ಒರೆಸಿ ಮತ್ತೆ ಹಿಡಿಯಬೇಕಾದವನು ನಾನೇ. (ಕೈ ನಡುಗದವನೆಂಬ ಹೊಗಳಿಕೆಗೆ ಮರುಳಾದದ್ದು ನನ್ನದೇ ತಪ್ಪು.) ಮರಳಿನ ಬದಲು ಚಿಪ್ಪುಗಳೇ ರಾಶಿಬಿದ್ದ ದಡದಲ್ಲಿ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ದೋಣಿಯವರು ಹೊರಡುವ ಸೀಟಿ ಊದಿದರು.

ಹಿಂದಿರುಗುವಾಗ, ಚಿತ್ರಗಳನ್ನು ಸರಿಸುತ್ತ ಕುಳಿತಿದ್ದವನೊಬ್ಬ ತಲೆಯೆತ್ತಿ ಕೇಳಿದ: "ಇಲ್ಲಿ ಏನೋ ವಿಶೇಷವಾದ ಕಲ್ಲುಗಳಿವೆಯಂತಲ್ಲ, ಎಲ್ಲಿದ್ದವೋ ಅವು?"