ಒಂದೇ ಹಾಳಿ ಸಾಕು ತಮ್ಮಾ

ಮಾಸ್ತರರಿಗೆ ಬೇಕಾಗಿದ್ದು ಒಂದೇ ಹಾಳಿ. ಆಧಾರ್ ಕಾರ್ಡಿನ ಪ್ರಿಂಟು. ಎರಡು ರೂಪಾಯಿ ಕೆಲಸ. ಮೊನ್ನೆ ಸೋಮವಾರ ನನ್ನ ಪ್ರಿಂಟರ್ ಅವರಿಗೆ ನೂರಾ ಹನ್ನೆರಡು ಹಾಳಿ ಕೊಟ್ಟಿತು. ಅದರಲ್ಲಿ ಆಧಾರ್ ಇರಲಿಲ್ಲ.

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಗಲ್ಲಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಜೂನ್ ಬಂತೆಂದರೆ ನಮ್ಮ ಭಾಗದ 371(ಜೆ) ಮೀಸಲಾತಿ ಸರ್ಟಿಫಿಕೇಟಿನವರು, ಜಾತಿ-ಆದಾಯದವರು, ಅಡ್ಮಿಷನ್‌ನವರು ಎಲ್ಲಾ ಒಟ್ಟಿಗೇ ಬರುತ್ತಾರೆ. ಈಗ ಯಾರು ಪೆನ್‌ಡ್ರೈವ್ ತರುತ್ತಾರೆ, ಎಲ್ಲಾ ವಾಟ್ಸಾಪೇ ಅಲ್ವಾ ಅಂತ ಕೇಳಬೇಡಿ. ಬೀಗದ ಗೊಂಚಲಿಗೆ ಕಟ್ಟಿಕೊಂಡು ತರುವವರು ಇನ್ನೂ ಇದ್ದಾರೆ. ಒಬ್ಬರಂತೂ ಉಡದಾರಕ್ಕೆ ಕಟ್ಟಿಕೊಂಡು ಬಂದಿದ್ದರು. ಅದನ್ನು ಹಾಕು, ಫೋಲ್ಡರ್ ತೆರೆ, "ಯಾವ ಫೈಲ್ ರೀ?" ಅಂತ ಕೇಳು. "ಅದೇ ರೀ, ಆ ಫೈಲು" ಅಂತ ಉತ್ತರ. ದಿನವೆಲ್ಲಾ ಇದೇ.

ಹಾಗಂತ ನಾನೇನು ದೊಡ್ಡದು ಕೇಳಿರಲಿಲ್ಲ. ರಾತ್ರಿ ಮನೆಯಲ್ಲಿ ಟೈಪ್ ಮಾಡಿದ ಕೆಲಸವನ್ನು ನನ್ನ ಸ್ವಂತ ಪೆನ್‌ಡ್ರೈವಿನಲ್ಲಿ ತರುತ್ತೇನೆ. ಬೆಳಿಗ್ಗೆ ಶಟರ್ ಎತ್ತಿ ಅದನ್ನು ಹಾಕಿದರೆ, ದೇವರ ಫೋಟೋಕ್ಕೆ ಊದಿನಕಡ್ಡಿ ಹಚ್ಚುವಷ್ಟರಲ್ಲಿ ಎಲ್ಲಾ ಪ್ರಿಂಟ್ ಆಗಿರಬೇಕು. ಇಷ್ಟೇ ಆಸೆ. ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿರುವ ಅಣ್ಣನ ಮಗನಿಗೆ ಹೇಳಿದೆ. "ಅದೇನ್ ದೊಡ್ಡದು ಕಾಕಾ" ಅಂದ. ಆ ಮಾತು ಕೇಳಿದಾಗಲೇ ನಾನು ಎಚ್ಚರಾಗಬೇಕಿತ್ತು.

ಯಾಕೆಂದರೆ ಇದರ ಕಥೆ ನನಗೆ ಗೊತ್ತಿಲ್ಲದ್ದಲ್ಲ. ಹಿಂದೆ ವಿಂಡೋಸ್‌ನಲ್ಲಿ ಆಟೋರನ್ ಅಂತ ಇತ್ತು. ಸಿಡಿ ಹಾಕಿದ ಕೂಡಲೇ ತಾನಾಗಿಯೇ ಶುರುವಾಗಲಿ ಅಂತ ಮಾಡಿದ್ದು. ವೈರಸ್‌ನವರಿಗೆ ಅದು ತೆರೆದ ಬಾಗಿಲಾಯಿತು. 2008ರಲ್ಲಿ ಬಂದ ಕಾನ್‌ಫಿಕರ್ ಅನ್ನುವ ವೈರಸ್ ಈ ದಾರಿಯನ್ನೂ ಬಳಸಿತ್ತು. ಒಬ್ಬನ ಪೆನ್‌ಡ್ರೈವಿನ ರೋಗ ನನ್ನ ಕಂಪ್ಯೂಟರಿಗೆ, ನನ್ನದರಿಂದ ಇಡೀ ಓಣಿಗೆ. ವಿಂಡೋಸ್ 7ರಲ್ಲಿ ಪೆನ್‌ಡ್ರೈವಿಗೆ ಆಟೋರನ್ ತೆಗೆದರು, 2011ರ ಫೆಬ್ರವರಿಯಲ್ಲಿ ಹಳೆಯ ವಿಂಡೋಸ್‌ಗೂ ಅಪ್‌ಡೇಟ್ ಕೊಟ್ಟು ಬಾಗಿಲು ಮುಚ್ಚಿದರು. ಅಂಥ ಬಾಗಿಲನ್ನು ನಾನು ಊದಿನಕಡ್ಡಿ ನೆಪದಲ್ಲಿ ನನ್ನ ಕೈಯಾರೆ ತೆರೆಸಿದೆ.

ವೈರಸ್ ಕಾಟಕ್ಕೆ ಹುಡುಗ ಮೊದಲೇ ವಿಂಡೋಸ್ ಬದಲು ಲಿನಕ್ಸ್ ಹಾಕಿ ಕೊಟ್ಟಿದ್ದ. ಅದರಲ್ಲಿ ಯುಡೆವ್ ಅಂತ ಒಂದು ಇದೆ. ವಾಚ್‌ಮನ್ ಥರ. ಯಾವ ಸಾಮಾನು ಚುಚ್ಚಿದರೂ ತನ್ನ ರೂಲ್ಸ್ ಫೈಲ್ ನೋಡುತ್ತದೆ, ಬರೆದಿದ್ದನ್ನು ಮಾಡುತ್ತದೆ. ಹುಡುಗ ರೂಲ್ ಬರೆದ, ಪ್ರಿಂಟ್ ಮಾಡಿಸುವ ಪುಟ್ಟ ಪ್ರೋಗ್ರಾಮ್, ಅಂದರೆ ಒಂದು ಸ್ಕ್ರಿಪ್ಟ್ ಬರೆದ. ಪೆನ್‌ಡ್ರೈವ್ ಹಾಕಿದೆವು. ಏನೂ ಆಗಲಿಲ್ಲ. ಅದು ತೆರೆಯಲೇ ಇಲ್ಲ.

ಆಮೇಲೆ ಗೊತ್ತಾಯಿತು. ಪೆನ್‌ಡ್ರೈವ್ ತೆರೆಯಲಿ, ಪ್ರಿಂಟ್ ಮಾಡ್ತೀನಿ ಅಂತ ಸ್ಕ್ರಿಪ್ಟ್ ಕಾಯುತ್ತಿತ್ತು. ಸ್ಕ್ರಿಪ್ಟ್ ಮುಗಿಯಲಿ, ತೆರೆಯುತ್ತೀನಿ ಅಂತ ಸಿಸ್ಟಮ್ ಕಾಯುತ್ತಿತ್ತು. ಮದುವೆ ಊಟದ ಹಾಲ್ ಬಾಗಿಲಲ್ಲಿ ಇಬ್ಬರು ಬೀಗರು ನಿಂತು "ನೀವು ನಡೀರಿ", "ಏ ಇಲ್ರೀ, ನೀವು ಮೊದಲು ನಡೀರಿ" ಅಂತಿರುತ್ತಾರಲ್ಲ, ಹಾಗೆ. ಮೂರು ನಿಮಿಷ ನೋಡಿ ಯುಡೆವ್ ಬೇಸತ್ತು ಸ್ಕ್ರಿಪ್ಟನ್ನೇ ಕೊಂದು ಹಾಕಿತು. ಹುಡುಗ ತಲೆ ಕೆರೆದುಕೊಂಡು, ಪ್ರಿಂಟ್ ಕೆಲಸವನ್ನು ಸಿಸ್ಟಮ್‌ಡಿ ಅನ್ನುವ ಇನ್ನೊಂದರ ಕೈಗೆ ಒಪ್ಪಿಸಿದ. ಈ ಸಲ ಪ್ರಿಂಟ್ ಬಂತು. ಅದೂ ಎರಡೆರಡು ಪ್ರತಿ. ಡಿಸ್ಕಿಗೊಂದು ಸಲ, ಅದರೊಳಗಿನ ಪಾರ್ಟಿಷನ್ ಅನ್ನುವ ಭಾಗಕ್ಕೊಂದು ಸಲ ರೂಲ್ ಓಡುತ್ತಿತ್ತಂತೆ. "ನಾಳೆ ಸರಿ ಮಾಡ್ತೀನಿ ಕಾಕಾ" ಅಂದು ಹೋದ.

ನಾಳೆಗೆ ಮೊದಲು ಮಾಸ್ತರ್ ಬಂದರು.

ನಿವೃತ್ತರಾಗಿ ಬಹಳ ವರ್ಷವಾದ ಮಾಸ್ತರರು. ಒಂದು ಫೈಲೂ ಅಳಿಸುವವರಲ್ಲ. "ಇದ್ದಿರ್ಲಿ ತಮ್ಮಾ, ಅದೇನ್ ಅನ್ನ ಕೇಳ್ತದೇನ್?" ಅನ್ನುವವರು. "ಒಂದೇ ಹಾಳಿ ಸಾಕು, ಜಲ್ದಿ ಕೊಡು" ಅಂತ ಪೆನ್‌ಡ್ರೈವ್ ಚಾಚಿದರು. ಕೈ ರೂಢಿಯಂತೆ ಚುಚ್ಚಿತು. ಪ್ರಿಂಟರ್ ಕೆಮ್ಮಿತು. ಮೊದಲು ಪಿಂಚಣಿ ಕಾಗದ. ಆಮೇಲೆ ಕರೆಂಟ್ ಬಿಲ್ಲುಗಳು. ಆಮೇಲೆ ಒಂದು ಫ್ರಿಜ್ಜಿನ ಮ್ಯಾನ್ಯುಯೆಲ್ಲು, ನನಗೆ ಓದಲು ಬಾರದ ಭಾಷೆಯಲ್ಲೂ ಸೇರಿಸಿ. ಪೆನ್‌ಡ್ರೈವ್ ಕಿತ್ತೆ. ನಿಲ್ಲಲಿಲ್ಲ, ಎಲ್ಲಾ ಆಗಲೇ ಸಾಲಿನಲ್ಲಿ ಕೂತಿತ್ತು. ಪ್ರಿಂಟರ್ ಬಂದ್ ಮಾಡಿ ಮತ್ತೆ ಹಚ್ಚಿದೆ. ಉಸಿರು ತೆಗೆದುಕೊಂಡು ಮತ್ತೆ ಶುರು ಮಾಡಿತು.

ಆಗ ಬಂದವು ಮಾಸ್ತರರ ಮಗನ ಮದುವೆ ಬಯೋಡಾಟಾಗಳು. ಹದಿಮೂರು. ಫೈನಲ್, ಫೈನಲ್ 2, ಹೊಸಾ ಫೈನಲ್, ಖರೇ ಫೈನಲ್. ಹಾಳಿ ನೆಲಕ್ಕೆ ಜಾರಿದಂತೆ ಸಾಲಿನಲ್ಲಿದ್ದವರು ಎತ್ತಿ ಕೊಡತೊಡಗಿದರು. ಕೊಡುವ ಮುಂಚೆ ಓದತೊಡಗಿದರು. ಹದಿಮೂರನ್ನೂ ಟೈಪ್ ಮಾಡಿದವನು ನಾನೇ. ಇದೇ ಕುರ್ಚಿ, ಇದೇ ಕೀಬೋರ್ಡ್. ಒಂದೊಂದು ಸಲ ಒಂದೊಂದು ಸಾಲು ಬದಲಿಸಿದ್ದೆ ಅಷ್ಟೇ. ಒಟ್ಟಿಗೆ ನೋಡಿದ್ದು ಅವತ್ತೇ ಮೊದಲು. ಮಾಸ್ತರರ ಮಗ ಮೊದಲನೆಯದರಲ್ಲಿ ಐದು ಅಡಿ ಆರು ಇಂಚು. ಆರನೆಯದಕ್ಕೆ ಎಂಟು ಇಂಚು, ಮಾಸ್ತರ್ ಹೇಳಿದ್ದರು, ನಾನು ಏರಿಸಿದ್ದೆ. ಹತ್ತನೆಯದರಲ್ಲಿ ಮತ್ತೆ ಆರೇ ಇಂಚು. ಯಾರೋ ಅಳೆದಿರಬೇಕು. ಫೋಟೋದಲ್ಲಿ ಕೂದಲು ಹಾಳಿಯಿಂದ ಹಾಳಿಗೆ ಹಿಂದೆ ಸರಿಯುತ್ತಿತ್ತು. ಮೊದಲ ಪ್ರತಿಯಲ್ಲಿ ಕನ್ಯೆ ಬೆಳ್ಳಗಿರಬೇಕು, ಇಂಜಿನಿಯರ್ ಅಥವಾ ಡಾಕ್ಟರ್ ಆಗಿರಬೇಕು, ಬೆಂಗಳೂರಿನಲ್ಲಿ ನೌಕರಿ ಇರಬೇಕು. ಐದರಲ್ಲಿ ಬೆಂಗಳೂರು ಹೋಯಿತು. ಏಳರಲ್ಲಿ ಬಣ್ಣ ಹೋಯಿತು. ಒಂಬತ್ತರಲ್ಲಿ ಡಿಗ್ರಿ ಹೋಯಿತು. ಹದಿಮೂರರಲ್ಲಿ ಒಂದೇ ಸಾಲು: "ಮನೆತನ ಛಲೋ ಇದ್ದರೆ ಸಾಕು."

ನಾನು ಅದನ್ನು ನಾಲ್ಕು ನಿಮಿಷದಲ್ಲಿ ಟೈಪ್ ಮಾಡಿ ಹತ್ತು ರೂಪಾಯಿ ತೆಗೆದುಕೊಂಡಿದ್ದೆ.

ಮಾಸ್ತರ್ ಬೈಯುತ್ತಾರೆ ಅಂತ ಕಾದೆ. ಅವರು ಸುಮ್ನೆ ಹಾಳಿಗಳನ್ನು ಜೋಡಿಸುತ್ತಿದ್ದರು. ಸಾಲಿನಲ್ಲಿದ್ದ ಒಬ್ಬ ಅಕ್ಕ ಒಂದು ಪ್ರತಿಯನ್ನು ಮಡಚಿ ಮೆಲ್ಲಗೆ ಚೀಲಕ್ಕೆ ಹಾಕಿಕೊಂಡರು. ಮಾಸ್ತರ್ ನೋಡಿಬಿಟ್ಟರು.

"ಅದು ಹಳೇದದ ತಾಯಿ" ಅಂದರು. "ಖರೇ ಫೈನಲ್ ತಗೋ."

ಜೋಡಿ ಪ್ರತಿ ಇತ್ತಲ್ಲ, ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಆಧಾರ್ ಎಲ್ಲಿ?" ಅದು ಫೋಟೋ ಫೈಲು. ಹುಡುಗನ ಸ್ಕ್ರಿಪ್ಟ್ ಪಿಡಿಎಫ್ ಮಾತ್ರ ಪ್ರಿಂಟ್ ಮಾಡುತ್ತದೆ. ಕೈಯಿಂದ ತೆಗೆದುಕೊಟ್ಟೆ. ಎರಡು ರೂಪಾಯಿ ನಾಣ್ಯ ಇಟ್ಟು ಹೋದರು. ಉಳಿದ ಇನ್ನೂರಾ ಇಪ್ಪತ್ನಾಲ್ಕು ರೂಪಾಯಿ ನನ್ನ ಲೆಕ್ಕಕ್ಕೆ.

ಹುಡುಗನಿಗೆ ಫೋನ್ ಹಚ್ಚಿದರೆ, "ಯಾವ ಪೆನ್‌ಡ್ರೈವ್ ಅಂತ ನೀವು ಹೇಳೇ ಇಲ್ಲಲ್ಲ ಕಾಕಾ" ಅಂತ ನನಗೇ ಕೇಳಿದ. ಪ್ರತಿ ಪೆನ್‌ಡ್ರೈವಿನೊಳಗೂ ಒಂದು ಗುರುತಿನ ನಂಬರ್ ಬರೆದಿರುತ್ತದಂತೆ, ನಮ್ಮ ಕೆಎ 32 ಗಾಡಿಗಳ ಪ್ಲೇಟಿನ ಹಾಗೆ. ಸಂಜೆ ಬಂದು ನನ್ನದರ ನಂಬರನ್ನು ರೂಲ್‌ನಲ್ಲಿ ಹಾಕಿದ. ಜೋಡಿ ಪ್ರತಿಯ ರೋಗವೂ ವಾಸಿಯಾಯಿತು. ಮಂಗಳವಾರ ಬೆಳಿಗ್ಗೆ ಊದಿನಕಡ್ಡಿ ಹಚ್ಚುವಷ್ಟರಲ್ಲಿ ಎಲ್ಲಾ ಪ್ರಿಂಟು ತಯಾರು. ಖುಷಿಯಲ್ಲಿ ರಾತ್ರಿ ಪೆನ್‌ಡ್ರೈವ್ ಸ್ವಚ್ಛ ಮಾಡೋಣ ಅಂತ ಫಾರ್ಮ್ಯಾಟ್ ಹೊಡೆದೆ. ಫಾರ್ಮ್ಯಾಟ್ ಮಾಡಿದರೆ ಆ ನಂಬರೇ ಬದಲಾಗುತ್ತದೆ ಅಂತ ನನಗ್ಯಾರು ಹೇಳಬೇಕಿತ್ತು? ಈಗ ನನ್ನ ಪೆನ್‌ಡ್ರೈವ್ ಕಂಡರೆ ವಾಚ್‌ಮನ್‌ಗೆ ಗುರುತೇ ಇಲ್ಲ. ಹುಡುಗನಿಗೆ ಪರೀಕ್ಷೆ. ಭಾನುವಾರ ಬರ್ತಾನಂತೆ.

ನಿನ್ನೆ ಮಾಸ್ತರ್ ಮತ್ತೆ ಬಂದಿದ್ದರು. ಕೈ ಚಾಚಿದೆ, ಪೆನ್‌ಡ್ರೈವ್ ಕೊಡಲಿಲ್ಲ. ಕಿಸೆಯಿಂದ ನಾಲ್ಕು ಮಡಿಕೆಯ ಹಾಳಿ ತೆಗೆದರು.

"ಸಣ್ಣದೊಂದು ತಿದ್ದುಪಡಿ ಅದ ತಮ್ಮಾ. ಈ ಸಲ ಕೈಲೇ ಬರಕೊಂಡು ಬಂದೀನಿ."