ಆಫ್‌ಸೈಡ್ ಗೆರೆಗೂ ಬೇಕು ಒಂದು ‘ಅಂಪೈರ್ಸ್ ಕಾಲ್’

ಹುಬ್ಬಳ್ಳಿ-ಧಾರವಾಡದ ಫುಟ್‌ಬಾಲ್ ಪ್ರೇಮಿಗಳು ಆಫ್‌ಸೈಡ್ ಬಗ್ಗೆ ಜಗಳಾಡುವುದು ನಿಂತ ಚಿತ್ರದ ಮೇಲೆ. ಇಂಗ್ಲೆಂಡಿನ ಪಂದ್ಯ ಮುಗಿಯುವ ಮೊದಲೇ ವಾಟ್ಸಾಪ್ ಗುಂಪಿಗೆ ಸ್ಕ್ರೀನ್‌ಶಾಟ್ ಬಂದಿರುತ್ತದೆ. ಅದರ ಮೇಲೆ ಯಾರೋ ಬೆರಳಿನಿಂದ ಕೆಂಪು ಗೆರೆ ಎಳೆದಿರುತ್ತಾರೆ: ‘ನೋಡಲೇ, ಹೆಗಲು ಮುಂದ ಐತಿ.’ ನಾನಿರುವ ಗೋವಾದಲ್ಲಿ ಜಗಳದ ರೀತಿ ಬೇರೆ. ಮಡಗಾಂವದ ಫತೋರ್ಡಾದಲ್ಲೋ ವಾಸ್ಕೋದ ತಿಲಕ್ ಮೈದಾನದಲ್ಲೋ ಕೂತವರಿಗೆ ಗೆರೆ ಎಳೆದು ತೋರಿಸುವವರು ಯಾರೂ ಇಲ್ಲ. ಇಂಡಿಯನ್ ಸೂಪರ್ ಲೀಗ್ ವಿಎಆರ್ (ವಿಡಿಯೊ ನೋಡಿ ರೆಫರಿಯ ತೀರ್ಪು ತಿದ್ದುವ ವ್ಯವಸ್ಥೆ) ಇಲ್ಲದೆಯೇ ನಡೆದುಬಂದಿದೆ. ಹಾಗಾಗಿ ಇಲ್ಲಿಯವರು ಮೊದಲು ನೋಡುವುದು ಪಕ್ಕದ ಗೆರೆಯಲ್ಲಿ ಬಾವುಟ ಹಿಡಿದ ಲೈನ್ಸ್‌ಮನ್ ಎಲ್ಲಿ ನಿಂತಿದ್ದ ಎಂಬುದನ್ನು. ಡಿಫೆಂಡರ್‌ನ ನೇರಕ್ಕಿದ್ದರೆ ಬೈದುಕೊಂಡಾದರೂ ಒಪ್ಪುತ್ತಾರೆ. ಎರಡು ಹೆಜ್ಜೆ ಹಿಂದುಳಿದಿದ್ದರೆ ಅವನ ಬಾವುಟಕ್ಕೆ ಬೆಲೆಯಿಲ್ಲ.

ಈ ಎರಡರಲ್ಲಿ ಗೋವಾದವರ ಪ್ರಶ್ನೆಯೇ ಸರಿಯಾದದ್ದು ಎಂದು ನನ್ನ ಖಚಿತ ಅಭಿಪ್ರಾಯ. ಅವರ ಕಣ್ಣು ನಮ್ಮವರಿಗಿಂತ ಚುರುಕು ಎಂದಲ್ಲ. ನಿಂತ ಚಿತ್ರದ ಮೇಲೆ ನಾವು ಇಟ್ಟಿರುವ ನಂಬಿಕೆ ಆ ಚಿತ್ರದ ಯೋಗ್ಯತೆಗಿಂತ ದೊಡ್ಡದು, ಅಷ್ಟೇ.

ನಿಯಮ ಹೇಳುವುದಿಷ್ಟು. ಸಹ ಆಟಗಾರ ಚೆಂಡನ್ನು ಒದ್ದ ಕ್ಷಣದಲ್ಲಿ ತಲೆ, ಮೈ, ಕಾಲು ಇವುಗಳ ಯಾವುದೇ ಭಾಗ ಎದುರಾಳಿಯ ಅರ್ಧದಲ್ಲಿದ್ದು, ಚೆಂಡಿಗಿಂತಲೂ ಕೊನೆಯಿಂದ ಎರಡನೆಯ ಎದುರಾಳಿಗಿಂತಲೂ (ಕೊನೆಯವನು ಸಾಮಾನ್ಯವಾಗಿ ಗೋಲ್‌ಕೀಪರ್) ಗೋಲ್ ಗೆರೆಗೆ ಹತ್ತಿರವಿದ್ದರೆ ಅದು ಆಫ್‌ಸೈಡ್ ಸ್ಥಾನ. ಸಮವಿದ್ದರೆ ಅಲ್ಲ. ಕೈ ಲೆಕ್ಕಕ್ಕಿಲ್ಲ, ಕಂಕುಳಿನ ತಳಮಟ್ಟದಿಂದ ಕೆಳಗಿನದೆಲ್ಲ ಕೈ. ಎಷ್ಟು ಮುಂದಿರಬೇಕು ಎಂಬ ಅಳತೆ ನಿಯಮದಲ್ಲಿ ಎಲ್ಲೂ ಇಲ್ಲ. ಒಂದು ಮಿಲಿಮೀಟರ್ ಸಾಕು. ಹಾಗಿದ್ದರೆ ಅಳೆಯುವ ಸಾಧನಕ್ಕೂ ಅಷ್ಟು ಸೂಕ್ಷ್ಮ ಇರಬೇಕಲ್ಲವೇ?

ಟಿವಿ ಕ್ಯಾಮೆರಾ ಸೆಕೆಂಡಿಗೆ 50 ಚಿತ್ರ ತೆಗೆಯುತ್ತದೆ ಎಂದುಕೊಳ್ಳಿ. ಒಂದು ಚಿತ್ರದಿಂದ ಮುಂದಿನದಕ್ಕೆ 20 ಮಿಲಿಸೆಕೆಂಡ್. ಸ್ಟ್ರೈಕರ್ ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಓಡುತ್ತಿದ್ದಾನೆ, ಆಫ್‌ಸೈಡ್ ಬಲೆ ಬೀಸಲು ಡಿಫೆಂಡರ್ 3 ಮೀಟರ್ ವೇಗದಲ್ಲಿ ಎದುರು ಬರುತ್ತಿದ್ದಾನೆ. ಆ 20 ಮಿಲಿಸೆಕೆಂಡಿನಲ್ಲಿ ಇಬ್ಬರ ನಡುವಿನ ಅಂತರ 20 ಸೆಂಟಿಮೀಟರ್ ಬದಲಾಗುತ್ತದೆ. ಬೂಟು ಚೆಂಡಿಗೆ ತಾಗಿದ ನಿಜವಾದ ಕ್ಷಣ ಎರಡು ಚಿತ್ರಗಳ ನಡುವೆ ಎಲ್ಲಿಯೋ ಇರುತ್ತದೆ. ಯಾವ ಚಿತ್ರದಲ್ಲಿ ನಿಲ್ಲಿಸಬೇಕು, ಅಂಗಿಯ ತೋಳಿನ ಮೇಲೆ ಕಂಕುಳಿನ ಮಟ್ಟ ಎಲ್ಲಿ ಎಂಬುದನ್ನು ಆರಿಸುವವನು ಮನುಷ್ಯ. ಇಷ್ಟಾದ ಮೇಲೆ 3 ಸೆಂಟಿಮೀಟರ್ ಆಫ್‌ಸೈಡ್ ಎಂದರೆ ಅದು ಅಳತೆ ಆಗುವುದಿಲ್ಲ, ಅಂದಾಜು ಆಗುತ್ತದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2019-20ರಲ್ಲಿ ಕೂದಲೆಳೆ ಗೆರೆಯಿಂದ ಶುರುಮಾಡಿ, ಕಂಕುಳು ಮುಂದಿತ್ತೆಂದು ರದ್ದಾದ ಗೋಲುಗಳ ಗಲಾಟೆ ಸಾಕಾಗಿ 2021-22ಕ್ಕೆ ಗೆರೆ ದಪ್ಪ ಮಾಡಿತು. ಸ್ಟ್ರೈಕರ್‌ನ ಗೆರೆ, ಡಿಫೆಂಡರ್‌ನ ಗೆರೆ ಒಂದರ ಮೇಲೊಂದು ಬಿದ್ದರೆ ಗೋಲು ಉಳಿಯುತ್ತಿತ್ತು. ಸಾಧನಕ್ಕೆ ಮಿತಿ ಇದೆ ಎಂದು ಒಪ್ಪಿಕೊಂಡ ಹಾಗಾಯಿತು, ಒಳ್ಳೆಯದೇ.

2022ರ ಕತಾರ್ ವಿಶ್ವಕಪ್ಪಿನ ಅರೆ-ಸ್ವಯಂಚಾಲಿತ ವ್ಯವಸ್ಥೆ ಇದಕ್ಕಿಂತ ಬಹಳ ಮೇಲು. ಚಾವಣಿಯ ಕೆಳಗೆ 12 ಕ್ಯಾಮೆರಾ, ಪ್ರತಿ ಆಟಗಾರನ ಮೈಮೇಲೆ 29 ಬಿಂದು, ಸೆಕೆಂಡಿಗೆ 50 ಸಲ ಲೆಕ್ಕ. ಚೆಂಡಿನೊಳಗಿನ ಸೆನ್ಸರ್ ಸೆಕೆಂಡಿಗೆ 500 ಸಲ ಸುದ್ದಿ ಕಳಿಸುತ್ತದೆ. ಒದ್ದ ಕ್ಷಣ 2 ಮಿಲಿಸೆಕೆಂಡಿನೊಳಗೆ ಸಿಗುತ್ತದೆ. ಆದರೂ ಮೈಯ ಲೆಕ್ಕ ಸೆಕೆಂಡಿಗೆ 50ರಲ್ಲೇ ಉಳಿಯಿತು. ನಡುವಿನದನ್ನು ಗಣಿತ ತುಂಬಬೇಕು. ಸೌದಿ ಅರೇಬಿಯ ವಿರುದ್ಧ ಮೊದಲರ್ಧದಲ್ಲೇ ಮೂರು ಗೋಲು ಆಫ್‌ಸೈಡ್‌ಗೆ ಕಳೆದುಕೊಂಡ ಅರ್ಜೆಂಟೀನಾ 1-2ರಿಂದ ಸೋತಾಗ, ಲೌಟಾರೊ ಮಾರ್ಟಿನೆಜ್‌ನ ಹೆಗಲಿನ ಚಿತ್ರವನ್ನು ಜಗತ್ತೇ ನೋಡಿತು. ಆ ಚಿತ್ರದ ಜೊತೆಗೆ ‘ಇದರಲ್ಲಿ ಇಷ್ಟು ಸೆಂಟಿಮೀಟರ್ ಹೆಚ್ಚು-ಕಡಿಮೆ ಇರಬಹುದು’ ಎಂದು ಬರೆದು ತೋರಿಸಿದ್ದರೆ ಚರ್ಚೆಗೆ ಒಂದು ನೆಲೆ ಸಿಗುತ್ತಿತ್ತು.

ಇಲ್ಲಿ ನಮ್ಮ ಹುಬ್ಬಳ್ಳಿಯವರಿಗೆ ಗೋವಾದವರಿಗಿಲ್ಲದ ಒಂದು ಅನುಕೂಲವಿದೆ. ನಾವು ಕ್ರಿಕೆಟ್ಟಿನಿಂದ ಫುಟ್‌ಬಾಲಿಗೆ ಬಂದವರು. ಎಲ್‌ಬಿಡಬ್ಲ್ಯು ಮರುಪರಿಶೀಲನೆಯಲ್ಲಿ ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ಸ್ಟಂಪಿಗೆ ತಾಗುವಂತಿದ್ದರೆ ಅಂಪೈರ್ ಮೊದಲು ಕೊಟ್ಟ ತೀರ್ಪೇ ನಿಲ್ಲುತ್ತದೆ, ಅದೇ ‘ಅಂಪೈರ್ಸ್ ಕಾಲ್’ ಎಂಬುದು ನಮ್ಮ ಓಣಿಯ ಹುಡುಗರಿಗೂ ಗೊತ್ತು. ಆಫ್‌ಸೈಡ್‌ಗೂ ಅದನ್ನೇ ಕೇಳಬೇಕು: ಸಾಧನದ ಮಿತಿ ಇಷ್ಟು ಎಂದು ಮೊದಲೇ ಸಾರಿ, ಅದರೊಳಗೆ ಬಂದರೆ ಲೈನ್ಸ್‌ಮನ್‌ನ ಬಾವುಟ ಏನು ಹೇಳಿತೋ ಅದೇ ಅಂತಿಮ. ಒಂದೇ ಥರದ ಎರಡು ಗೋಲುಗಳಲ್ಲಿ ಒಂದು ಉಳಿದು ಇನ್ನೊಂದು ಹೋಗುತ್ತದೆಂಬ ಆಕ್ಷೇಪ ಕ್ರಿಕೆಟ್ಟಿನಲ್ಲೂ ಇದೆ. ಇರಲಿ. ಬಾವುಟ ಹಿಡಿದವನ ತೀರ್ಪಿಗೆ ತೂಕ ಉಳಿಯುತ್ತದೆ. ಇಂಗ್ಲೆಂಡಿನ ಹಾಗೆ ಸಂಶಯದ ಲಾಭ ಯಾವಾಗಲೂ ಸ್ಟ್ರೈಕರ್‌ಗೇ ಹೋಗುವುದಕ್ಕಿಂತ ಇದು ನ್ಯಾಯ.

ಆರ್ಸೆನಲ್ ತಂಡದ ಮಾಜಿ ತರಬೇತುದಾರ ಆರ್ಸೆನ್ ವೆಂಗರ್ ಅವರ ಸಲಹೆ ಬೇರೆ: ಗೋಲು ಹೊಡೆಯಬಲ್ಲ ಯಾವುದೇ ಅಂಗ ಡಿಫೆಂಡರ್‌ಗೆ ಸಮವಿದ್ದರೂ ಆಫ್‌ಸೈಡ್ ಇಲ್ಲ. ಗೋಲು ಹೆಚ್ಚಾಗಬಹುದು, ಜಗಳ ಕಡಿಮೆಯಾಗದು. ಈಗ ಮುಂದಿನ ಹೆಗಲಿಗೆ ಎಳೆಯುವ ಗೆರೆಯನ್ನು ಆಗ ಹಿಂದಿನ ಹಿಮ್ಮಡಿಗೆ ಎಳೆಯುತ್ತಾರೆ. ಹಾಕಿಯಲ್ಲಿ ಆಫ್‌ಸೈಡನ್ನೇ ಕಿತ್ತುಹಾಕಿ ದಶಕಗಳಾದವು, ಇಲ್ಲೇಕೆ ಬೇಕು ಎಂದು ಗದಗ-ಬೆಟಗೇರಿಯ ಹಾಕಿಯವರು ಕೇಳಿದರೆ ಉತ್ತರವಿದೆ: ಹಾಕಿಯಲ್ಲಿ ವೃತ್ತದ ಒಳಗಿಂದ ಹೊಡೆದರೆ ಮಾತ್ರ ಗೋಲು. ಫುಟ್‌ಬಾಲಿನಲ್ಲಿ ಅಂಥ ಕಡಿವಾಣವಿಲ್ಲ. ಆಫ್‌ಸೈಡ್ ತೆಗೆದರೆ ಸ್ಟ್ರೈಕರ್ ಗೋಲ್‌ಕೀಪರ್ ಪಕ್ಕದಲ್ಲೇ ನಿಲ್ಲುತ್ತಾನೆ.

ಯಂತ್ರ ಸರಿಯಿದ್ದೂ ತೀರ್ಪು ಕೆಟ್ಟ ಉದಾಹರಣೆ 2023ರ ಸೆಪ್ಟೆಂಬರ್ 30ರ ಟಾಟನ್‌ಹ್ಯಾಮ್-ಲಿವರ್‌ಪೂಲ್ ಪಂದ್ಯ. ಲಿವರ್‌ಪೂಲ್‌ನ ಲೂಯಿಸ್ ಡಿಯಾಜ್‌ನ ಗೋಲಿಗೆ ಬಾವುಟ ಏರಿತ್ತು. ವಿಎಆರ್ ಕೋಣೆಯವರು ಗೆರೆ ನೋಡಿದರು, ಆನ್‌ಸೈಡ್ ಎಂಬುದೂ ಕಂಡಿತು. ಆದರೆ ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆಂದೇ ತಿಳಿದು ‘ಪರಿಶೀಲನೆ ಮುಗಿಯಿತು’ ಎಂದರು. ಆಟ ಮತ್ತೆ ಶುರುವಾದ ಮೇಲೆ ತಪ್ಪು ಗೊತ್ತಾಯಿತು, ಆಗ ತಿರುಗಿಸುವ ಅವಕಾಶವಿರಲಿಲ್ಲ. ‘ಗೋಲು ಸರಿ’ ಅಥವಾ ‘ಆಫ್‌ಸೈಡ್ ಅಲ್ಲ, ಗೋಲು ಕೊಡಿ’ ಎಂದು ಪೂರ್ತಿ ವಾಕ್ಯ ಹೇಳುವ ಪದ್ಧತಿ ಇದ್ದಿದ್ದರೆ ಸಾಕಿತ್ತು.

ಹಾಗೆಂದು ಪರದೆಯೇ ಬೇಡ ಎನ್ನುವ ಗೋವಾ ಗೆಳೆಯರ ಮಾತನ್ನೂ ನಾನು ಒಪ್ಪಲಾರೆ. 2024ರ ಜೂನ್ 11ರಂದು ದೋಹಾದಲ್ಲಿ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಭಾರತ 1-0 ಮುಂದಿತ್ತು. ಗೋಲ್ ಕಂಬದ ಪಕ್ಕದಲ್ಲಿ ಗೋಲ್ ಗೆರೆ ದಾಟಿ ಮೈದಾನದ ಹೊರಗೆ ಹೋಗಿದ್ದ ಚೆಂಡನ್ನು ಒಳಗೆಳೆದು ಕತಾರ್ ಸಮ ಮಾಡಿತು, ಕೊನೆಗೆ 2-1ರಿಂದ ಗೆದ್ದು ನಮ್ಮನ್ನು ಹೊರಹಾಕಿತು. ಆ ಸುತ್ತಿನಲ್ಲಿ ವಿಎಆರ್ ಇರಲಿಲ್ಲ. ಪರದೆ ಇರಬೇಕಾದದ್ದು ಇಂಥ ಕಣ್ಣಿಗೆ ರಾಚುವ ತಪ್ಪಿಗೆ.

ಈಗ ನಮ್ಮೂರಿನ ಟೂರ್ನಿಗಳ ಮಾತು. ಗೋಲಾದ ಕೂಡಲೇ ಪ್ರೇಕ್ಷಕರು ಮೊಬೈಲ್ ಹಿಡಿದು ರೆಫರಿಯ ಹತ್ತಿರ ಓಡುವುದು ನಿಲ್ಲಬೇಕು. ಮೊಬೈಲ್ ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ಮೇಲಿನ ಲೆಕ್ಕದಲ್ಲಿ 33 ಸೆಂಟಿಮೀಟರ್ ಅಲ್ಲಿಯೇ ಹೋಯಿತು. ಅದಕ್ಕಿಂತ ದೊಡ್ಡ ಮೋಸ ಕೋನದ್ದು. ಡಿಫೆಂಡರ್ ನಿಮ್ಮಿಂದ 40 ಮೀಟರ್ ಆಚೆ, ಸ್ಟ್ರೈಕರ್ 20 ಮೀಟರ್ ದೂರದಲ್ಲಿ, ಇಬ್ಬರೂ ಸರಿಯಾಗಿ ಸಮ. ನೀವು ಅವರ ನೇರಕ್ಕಿಂತ ಒಂದೇ ಮೀಟರ್ ಮಧ್ಯಗೆರೆಯ ಕಡೆ ನಿಂತಿದ್ದರೆ ಸ್ಟ್ರೈಕರ್ ಅರ್ಧ ಮೀಟರ್ ಮುಂದಿರುವಂತೆ ಕಾಣುತ್ತಾನೆ. ಇಬ್ಬರೂ ಜಾಗ ಬದಲಿಸಿದರೆ, ನಿಜಕ್ಕೂ ಆಫ್‌ಸೈಡ್ ಇರುವವನು ಸಮ ಕಾಣುತ್ತಾನೆ. ಲೈನ್ಸ್‌ಮನ್‌ಗೂ ಇದೇ ಗತಿ. ಅದಕ್ಕೇ ಅವನು ಚೆಂಡಿನ ಹಿಂದೆ ಓಡಬಾರದು. ಕೊನೆಯಿಂದ ಎರಡನೆಯ ಡಿಫೆಂಡರ್‌ನ ನೇರದಲ್ಲಿ, ಅಥವಾ ಚೆಂಡು ಅವನಿಗಿಂತ ಮುಂದೆ ಹೋದರೆ ಚೆಂಡಿನ ನೇರದಲ್ಲಿ ಇರಬೇಕು. ಮೈದಾನದತ್ತ ಮುಖ ಮಾಡಿ ಪಕ್ಕಕ್ಕೆ ಹೆಜ್ಜೆಯಿಡಬೇಕು, ದೂರವಿದ್ದಾಗ ಮಾತ್ರ ಓಟ. ಗೋಲ್‌ಕೀಪರ್ ಮುಂದೆ ಬಂದಿದ್ದರೆ ಉಳಿದವರಲ್ಲಿ ಕೊನೆಯಿಂದ ಎರಡನೆಯವನು ಯಾರೆಂದು ಮತ್ತೆ ಎಣಿಸಬೇಕು. ನಮ್ಮಲ್ಲಿ ಅತಿ ಹೆಚ್ಚು ತಪ್ಪುವುದು ಇಲ್ಲಿ. ಗೋಲ್ ಕಿಕ್, ಥ್ರೋ-ಇನ್, ಕಾರ್ನರ್‌ಗಳಿಂದ ನೇರವಾಗಿ ಚೆಂಡು ಬಂದರೆ ಆಫ್‌ಸೈಡ್ ಇಲ್ಲ ಎಂಬುದೂ ಅನೇಕರಿಗೆ ಮರೆತುಹೋಗುತ್ತದೆ.

ಟಿವಿ ನೋಡಿ ಕಲಿತ ಇನ್ನೊಂದು ಕೆಟ್ಟ ಚಾಳಿಯೆಂದರೆ ಬಾವುಟವನ್ನು ತಡೆದು ಹಿಡಿಯುವುದು. ಅದು ವಿಎಆರ್ ಇರುವ ಪಂದ್ಯಕ್ಕಷ್ಟೇ ಹೇಳಿದ್ದು, ಆಮೇಲೆ ತಿದ್ದಿಕೊಳ್ಳಬಹುದು ಎಂಬ ಕಾರಣಕ್ಕೆ. ಅಲ್ಲೂ ಅಪಾಯ ತಪ್ಪಿಲ್ಲ: 2025ರ ಮೇ ತಿಂಗಳಲ್ಲಿ ಬಾವುಟ ತಡವಾದ ಆಟದಲ್ಲೇ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ಟೈವೊ ಅವೊನಿಯಿ ಗೋಲ್ ಕಂಬಕ್ಕೆ ಬಡಿದು ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಒಳಗಾದ. ನಮ್ಮಲ್ಲಿ ಆಫ್‌ಸೈಡ್‌ನಲ್ಲಿರುವವನು ಆಟದಲ್ಲಿ ಭಾಗಿಯಾದನೆಂದು ಖಾತ್ರಿಯಾದ ತಕ್ಷಣ ಬಾವುಟ ಮೇಲೆ ಹೋಗಬೇಕು.

ಸಂಘಟಕರಿಗೆ ನನ್ನ ವಿನಂತಿ: ಬಹುಮಾನದ ಕಪ್ಪಿನ ಎತ್ತರ ಒಂದಡಿ ಕಡಿಮೆ ಮಾಡಿ, ಆ ಹಣದಲ್ಲಿ ತರಬೇತಾದ ಇಬ್ಬರು ಲೈನ್ಸ್‌ಮನ್‌ರನ್ನು ಕರೆಸಿ. ಸುಣ್ಣದ ಗೆರೆಯಿಂದ ಎರಡು-ಮೂರು ಮೀಟರ್ ಆಚೆ ಹಗ್ಗ ಕಟ್ಟಿ, ಅವರು ಓಡುವ ದಾರಿಯಲ್ಲಿ ಕುರ್ಚಿ, ಬೈಕು, ಜನ ಯಾವುದೂ ಇರದಂತೆ ನೋಡಿಕೊಳ್ಳಿ. ‘ಮೊಬೈಲ್ ವಿಡಿಯೊ ಲೆಕ್ಕಕ್ಕಿಲ್ಲ’ ಎಂದು ತಂಡದ ನಾಯಕರಿಂದ ಟಾಸ್‌ಗೆ ಮೊದಲೇ ಸಹಿ ಮಾಡಿಸಿಕೊಳ್ಳಿ.