ಬೈಕು ಬಿಟ್ಟು ಬಂದು ಮಾತಾಡಿ ಅಂದರೆ ಹೇಗೆ?

ಸರ್, ‘ಪರಿಸರ ಅಂತ ಬೀದಿಗಿಳಿಯುವ ಹುಡುಗರು ಮೊದಲು ಬೈಕು, ಮೊಬೈಲು ಬಿಡಲಿ’ ಎಂದು ಬರೆದಿದ್ದೀರಿ. ಓದಿ ಬೇಜಾರಾಯ್ತು. ನಾನು ಚಳ್ಳಕೆರೆ ಕಡೆ ಶೇಂಗಾ ಬೆಳೆಯುವವನು. ಚಿತ್ರದುರ್ಗದಲ್ಲಿ ಡಿಗ್ರಿ ಓದುವ ನಮ್ಮಣ್ಣನ ಮಗಳು ಗೆಳತಿಯರ ಜೊತೆ ರಟ್ಟಿನ ಬೋರ್ಡು ಹಿಡಿದು ನಿಂತಿದ್ದಳು. ಅದೇ ಹುಡುಗಿ ಮನೇಲಿ ಅಕ್ಕಿ ತೊಳೆದ ನೀರನ್ನು ಎಮ್ಮೆಯ ಕಲಗಚ್ಚಿಗೆ, ಬಟ್ಟೆ ಜಾಲಿಸಿದ ನೀರನ್ನು ತೆಂಗಿನ ಬುಡಕ್ಕೆ ಹಾಕ್ತಾಳೆ. ಅವಳಿಗೆ ಇನ್ನೇನು ಬಿಡು ಅನ್ನಲಿ?

ಪರಿಸರಕ್ಕಾಗಿ ಹೋರಾಡುವ ಸ್ವೀಡನ್ ಹುಡುಗಿ ಗ್ರೇತಾ ಥನ್‌ಬರ್ಗ್ ಹೆಸರೂ ಎಳೆದಿದ್ದೀರಿ. ಹವಾಮಾನ ಕೆಡುವುದನ್ನು ತಡೆಯಿರಿ ಎಂದು 2018ರಲ್ಲಿ ಅಲ್ಲಿನ ಸಂಸತ್ತಿನ ಮುಂದೆ ಒಬ್ಬಳೇ ಕೂತಾಗ ಆಕೆಗೆ 15 ವರ್ಷ. ಮರುವರ್ಷ ವಿಮಾನ ಬೇಡವೆಂದು ಎರಡು ವಾರ ಹಾಯಿದೋಣಿಯಲ್ಲೇ ಅಟ್ಲಾಂಟಿಕ್ ದಾಟಿ ನ್ಯೂಯಾರ್ಕಿಗೆ ಹೋದಳು. ತಾನೂ ಬಿಟ್ಟು, ಆಳುವವರನ್ನೂ ಕೇಳಿದವಳು.

ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದಿತ್ತು, ಆಮೇಲೆ ಬಿದ್ದದ್ದು 2022ರಲ್ಲೇ. ಖುಷಿಪಟ್ಟೆವು. ಮರುವರ್ಷವೇ ಬರ. ಶೇಂಗಾ ಗಿಡ ಕಿತ್ತರೆ ಬುಡದಲ್ಲಿ ಬರೀ ಜೊಳ್ಳು ಕಾಯಿ, ಹಿಚುಕಿದರೆ ಒಳಗೆ ಬೀಜವೇ ಇಲ್ಲ. ನಾನೊಬ್ಬ ಲೈಟ್ ಆರಿಸಿದರೆ ಇದು ಸರಿಹೋಗುತ್ತಾ? ಕೆರೆ ಹೂಳು ತೆಗೆಸೋದು, ಬಸ್ಸು ಬಿಡೋದು ಸರ್ಕಾರದ ಕೈಲಿದೆ. ಸಂಜೆ ಆರರ ಮೇಲೆ ನಮ್ಮೂರಿಗೆ ಬಸ್ಸೇ ಇಲ್ಲ ಸರ್. ಬೈಕ್ ಬಿಟ್ಟು ಹೇಗೆ ಬರೋಣ, ನೀವೇ ಹೇಳಿ.